ಬಿಯರ್ ಬಕೆಟ್‌ಗೆ ಸೆನ್ಸರ್ ಎಲ್ಲಿ ಅಂಟಿಸಬೇಕು?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ, ಮನೆಯಲ್ಲೇ ಬಿಯರ್ ಮಾಡುತ್ತೇನೆ. ಸಣ್ಣ ಸೆನ್ಸರ್, ವೈಫೈ ಬೋರ್ಡ್ ತಂದು ಟೆಂಪರೇಚರ್ ನೋಡುವ ಸಾಧನವನ್ನು ನಾನೇ ಕಟ್ಟಿದೆ. ರೀಡಿಂಗ್ 19 ಡಿಗ್ರಿ ಸೆಲ್ಸಿಯಸ್ ದಾಟಲೇ ಇಲ್ಲ. ಆದರೂ ಬಿಯರ್‌ಗೆ ನೇಲ್ ಪಾಲಿಶ್ ವಾಸನೆ ಬಂತು. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಸೆನ್ಸರ್ ಎಲ್ಲಿಟ್ಟಿದ್ದಿರಿ? ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ: ಬಕೆಟ್ ಪಕ್ಕದಲ್ಲಿ ನೇತುಹಾಕಿದ್ದೆ. ಹಾಗಿದ್ದರೆ ಅದು ಅಳೆದಿದ್ದು ಕೋಣೆಯ ಗಾಳಿಯನ್ನು.

ಯೀಸ್ಟ್ ಸಕ್ಕರೆ ತಿನ್ನುವಾಗ ಶಾಖ ಬಿಡುತ್ತದೆ. 20 ಲೀಟರಿನ ಬಕೆಟ್‌ನಲ್ಲಿ ಹುದುಗು ಜೋರಾಗಿರುವ ಮೊದಲ ಎರಡು ಮೂರು ದಿನ ಒಳಗಿನ ಬಿಯರ್ ಕೋಣೆಗಿಂತ 3ರಿಂದ 5 ಡಿಗ್ರಿ ಬಿಸಿ ಇರುತ್ತದೆ. ಗಾಳಿ 19 ಇದ್ದರೆ ಒಳಗೆ 22ರಿಂದ 24. ಏಲ್ ಎಂಬ ಬಗೆಯ ಬಿಯರ್‌ಗೆ ಹಾಕುವ ಸಾಧಾರಣ ಯೀಸ್ಟ್‌ಗೆ 18ರಿಂದ 20 ಹಿತ. ಆ ಮೊದಲ ದಿನಗಳಲ್ಲಿ ಬಿಸಿ ಜಾಸ್ತಿಯಾದರೆ ಗಂಟಲು ಸುಡುವ ಫ್ಯೂಸೆಲ್ ಆಲ್ಕೋಹಾಲ್, ನೇಲ್ ಪಾಲಿಶ್ ವಾಸನೆಯ ಎಸ್ಟರ್ ಹುಟ್ಟುತ್ತವೆ. ಆಮೇಲೆ ತಣ್ಣಗಾದರೂ ಅವು ಹೋಗುವುದಿಲ್ಲ. ಹುದುಗಿನ ಜೋರು ಇಳಿದ ಮೇಲೆ ಒಂದೆರಡು ಡಿಗ್ರಿ ಏರಿದರೆ ಮಾತ್ರ ಚಿಂತೆಯಿಲ್ಲ, ಒಳ್ಳೆಯದೇ.

ಮಿಷಿಗನ್‌ನ ನಮ್ಮ ಬೇಸ್‌ಮೆಂಟ್‌ನಲ್ಲಿ ನನ್ನ ಮೊದಲ ಬ್ಯಾಚ್‌ಗೂ ಹೀಗೇ ಆಯಿತು. ಫೋನ್‌ನಲ್ಲಿ ಗ್ರಾಫ್ ಗೆರೆ ಎಳೆದ ಹಾಗೆ ನೇರವಾಗಿತ್ತು. ಎರಡನೇ ರಾತ್ರಿ ಬಕೆಟ್ ಸರಿಸೋಣ ಅಂತ ಕೈಯಿಟ್ಟೆ. ಬಕೆಟ್‌ನ ಮೈ ಬೆಚ್ಚಗಿತ್ತು. ಅವತ್ತೇ ಸೆನ್ಸರ್ ಜಾಗ ಬದಲಿಸಿದೆ.

ಹೀಗೆ ಮಾಡಿ. ಸ್ಟೀಲ್ ಟೋಪಿಯ ಡಿಎಸ್18ಬಿ20 ಸೆನ್ಸರನ್ನು ಬಕೆಟ್‌ನ ಹೊರಮೈಗೆ, ಬಿಯರ್ ಮಟ್ಟದ ಅರ್ಧ ಎತ್ತರದಲ್ಲಿ ಮಲಗಿಸಿ ಅಂಟಿಸಿ. ಅದರ ಮೇಲೆ ಅಂಗೈ ಅಗಲದ ಬಬಲ್ ರ‍್ಯಾಪ್ ನಾಲ್ಕು ಮಡಿಕೆ ಮಾಡಿ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಾಕಿ. ಗಾಳಿ ತಾಗಬಾರದು, ಅಷ್ಟೇ. ಈಗ ಬರುವ ಅಂಕಿ ಒಳಗಿನ ಬಿಯರ್‌ಗೆ ತುಂಬ ಹತ್ತಿರ ಇರುತ್ತದೆ. ಸುಮ್ನೆ ಮುಚ್ಚಳಕ್ಕೆ ತೂತು ಕೊರೆದು ಸೆನ್ಸರನ್ನೇ ಬಿಯರಿಗೆ ಇಳಿಬಿಡಬೇಡಿ. ಕೇಬಲ್ ಸೇರುವ ಸಂದಿಯನ್ನು ಪೂರ್ತಿ ಸ್ವಚ್ಛ ಮಾಡಲು ಆಗುವುದಿಲ್ಲ. ಒಳಗೇ ಅಳೆಯಬೇಕಿದ್ದರೆ ತಳ ಮುಚ್ಚಿದ ಸ್ಟೀಲ್ ಕೊಳವೆ ಇಳಿಸಿ, ಅದರೊಳಗೆ ಸೆನ್ಸರ್ ಇಡಿ.

ಸೆನ್ಸರ್ ಮೇಲೆ ಅನುಮಾನ ಇದ್ದೇ ಇದೆಯಾ? ಲೋಟದ ತುಂಬ ಪುಡಿ ಐಸ್ ಹಾಕಿ, ಸಂದಿ ತುಂಬುವಷ್ಟು ಮಾತ್ರ ನೀರು ಹೊಯ್ದು, ಸೆನ್ಸರ್ ನಡುವೆ ಇಟ್ಟು ಕಲಕುತ್ತಾ ಐದು ನಿಮಿಷ ಕಾಯಿರಿ. 0 ಬರಬೇಕು. ಈ ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ತೋರಿಸುವುದು ಸಹಜ. 0.4 ಬಂದರೆ ಕೋಡ್‌ನಲ್ಲಿ 0.4 ಕಳೆದುಬಿಡಿ. ಥಟ್ಟನೆ 85 ಕಂಡರೆ ಬಿಯರ್ ಕುದಿಯುತ್ತಿಲ್ಲ, ಹೆದರಬೇಡಿ. ಪವರ್ ಬಂದ ತಕ್ಷಣ ಸೆನ್ಸರ್‌ನಲ್ಲಿ ಇರುವ ಅಂಕಿಯೇ ಅದು. ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡ್ ಬೇಕು, ಅಷ್ಟು ಕಾದು ಓದಿ. ಆರ್ಡುಯಿನೋ ಲೈಬ್ರರಿ (ಬೋರ್ಡ್‌ನಲ್ಲಿ ಸೆನ್ಸರ್ ಓದಲು ಬಳಸುವ ಸಿದ್ಧ ಕೋಡ್) ಮೈನಸ್ 127 ತೋರಿಸಿದರೆ ವೈರ್ ಬಿಟ್ಟಿದೆ, ಇಲ್ಲವೇ ಡೇಟಾ ವೈರ್‌ಗೂ ಪವರ್‌ಗೂ ನಡುವೆ ಹಾಕಬೇಕಾದ 4.7 ಕಿಲೋ ಓಮ್ ರೆಸಿಸ್ಟರ್ ಮರೆತಿದ್ದೀರಿ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಅಮೆರಿಕದಲ್ಲಿ ಮನೆ ಬಳಕೆಯ ಬಿಯರ್‌ಗೆ 1978ರ ಫೆಡರಲ್ ಕಾನೂನು ದಾರಿ ಬಿಟ್ಟಿದೆ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಆದರೆ ಇದೇ ಸಾಧನ ಇಡ್ಲಿ ಹಿಟ್ಟಿಗೂ ಆಗುತ್ತದೆ. ಚಳಿಗಾಲದಲ್ಲಿ ಓವನ್ ಲೈಟ್ ಹಾಕಿ ಒಳಗೆ ಹಿಟ್ಟಿಡುತ್ತೇವಲ್ವಾ, ಆ ಪಾತ್ರೆಗೂ ನಾನು ಒಂದು ಸೆನ್ಸರ್ ಅಂಟಿಸುತ್ತೇನೆ.

ಈಗ ನೇತಾಡುತ್ತಿರುವ ಸೆನ್ಸರ್ ಬಿಚ್ಚಬೇಡಿ, ಇನ್ನೊಂದು ತನ್ನಿ. ಪ್ರತಿ ಸೆನ್ಸರ್‌ಗೂ ಬೇರೆ ಬೇರೆ ಗುರುತಿನ ನಂಬರ್ ಇರುವುದರಿಂದ ಎರಡೂ ಒಂದೇ ವೈರ್‌ನಲ್ಲಿ ಕೂರುತ್ತವೆ. ಗಾಳಿಯದು ಒಂದು ಗೆರೆ, ಬಕೆಟ್‌ನದು ಒಂದು. ಮೊದಲ ದಿನ ಎರಡರ ನಡುವೆ ಅಂತರ ಬೆಳೆಯುತ್ತದೆ, ನಾಲ್ಕೈದು ದಿನಕ್ಕೆ ಮತ್ತೆ ಹತ್ತಿರ ಬರುತ್ತವೆ. ಬಿಯರ್‌ನಲ್ಲಿ ಸಕ್ಕರೆ ಎಷ್ಟು ಉಳಿದಿದೆ ಎಂದು ತೋರಿಸುವ ಹೈಡ್ರೋಮೀಟರ್ ತೆಗೆಯುವ ಹೊತ್ತು ಅದೇ. ಮೂರು ದಿನ ಹೈಡ್ರೋಮೀಟರ್‌ನಲ್ಲಿ ಅದೇ ಅಂಕಿ ನಿಂತರೆ ಬಾಟಲಿಗೆ ತುಂಬಿ.