ವಾಲ್ವ್ ಸ್ಪ್ರಿಂಗ್: ಎಷ್ಟು ಎತ್ತರಕ್ಕೆ ಎಷ್ಟು ತೂಕ?

ಹುಬ್ಬಳ್ಳಿ ಗೋಕುಲ ರೋಡ್‌ನ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಕಳೆದ ವಾರ ಹಳೆ ಮಾರುತಿ ಜಿಪ್ಸಿಯ ಇಂಜಿನ್ ಹೆಡ್ (ವಾಲ್ವ್‌ಗಳಿರುವ ಮೇಲಿನ ಭಾಗ) ಬಿಚ್ಚಿದ್ದೆವು. ವಾಲ್ವ್ ತೆರೆಯುವ ಕ್ಯಾಮ್ ಹೊಸದು ಬಂದಿತ್ತು, ಲಿಫ್ಟ್ (ವಾಲ್ವ್ ಎತ್ತುವ ಅಳತೆ) ಜಾಸ್ತಿ ಇರುವುದು. "ಸ್ಪ್ರಿಂಗ್ ಗಟ್ಟಿ ಇದೆ ಉಸ್ತಾದ್, ನಡೆಯುತ್ತೆ" ಅಂದೆ. ಉಸ್ತಾದ್ ಕೇಳಿದ್ದು ಒಂದೇ ಮಾತು: "ಎಷ್ಟ್ ಎತ್ತರಕ್ಕ ಎಷ್ಟ್ ತೂಕ ಅದ, ಅದನ್ ಹೇಳು ತಮ್ಮಾ." ಅಂದರೆ ಸ್ಪ್ರಿಂಗನ್ನು ಯಾವ ಎತ್ತರಕ್ಕೆ ಒತ್ತಿದಾಗ ಎಷ್ಟು ಕೆಜಿ ಬಲ ಕೊಡುತ್ತದೆ ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಕ್ಯಾಮ್ ಬದಲಾದರೆ ಸ್ಪ್ರಿಂಗ್ ಯಾಕೆ?

ಕ್ಯಾಮ್ ವಾಲ್ವನ್ನು ತಳ್ಳುತ್ತದೆ ಅಷ್ಟೆ, ವಾಪಸ್ ಎಳೆಯುವುದು ಸ್ಪ್ರಿಂಗ್. ಲೋಬ್‌ನ (ಕ್ಯಾಮ್‌ನ ಉಬ್ಬಿನ) ತುದಿ ದಾಟುವಾಗ ಸ್ಪ್ರಿಂಗ್‌ಗೆ ಬಲ ಸಾಲದಿದ್ದರೆ ರಾಕರ್ (ಕ್ಯಾಮ್ ಮತ್ತು ವಾಲ್ವ್ ನಡುವಿನ ತೋಳು) ಕ್ಯಾಮ್ ಬಿಟ್ಟು ಹಾರುತ್ತದೆ. ಇದೇ ವಾಲ್ವ್ ಫ್ಲೋಟ್. ಬೇಕಾಗುವ ಬಲ ಆರ್‌ಪಿಎಂನ ವರ್ಗದಂತೆ ಏರುತ್ತದೆ. 6000ದಿಂದ 7200ಕ್ಕೆ ಹೋದರೆ 1.2 ಪಟ್ಟು ಅಲ್ಲ, 1.44 ಪಟ್ಟು. ಹಾಗಂತ ಸಿಕ್ಕಿದ್ದರಲ್ಲೇ ಗಟ್ಟಿಯಾದದ್ದನ್ನು ಹಾಕಿದರೆ ಲೋಬ್ ಮತ್ತು ರಾಕರ್ ಸವೆಯುತ್ತವೆ.

ಲಿಫ್ಟ್ ಅಂದರೆ ವಾಲ್ವ್ ಹತ್ತಿರದ ಲಿಫ್ಟ್. ಲೋಬ್ ಲಿಫ್ಟನ್ನು ರಾಕರ್ ಅನುಪಾತದಿಂದ (ಅದರ ಎರಡು ತೋಳುಗಳ ಉದ್ದದ ಅನುಪಾತ) ಗುಣಿಸಬೇಕು.

ನಾನು ಎಡವಿದ ಜಾಗ

ಕೂತ ಎತ್ತರ ಅಂದರೆ ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್ ಕೂರುವ ಜಾಗದಿಂದ ರಿಟೈನರ್ (ಸ್ಪ್ರಿಂಗ್ ಮೇಲಿನ ಹಿಡಿ ತಟ್ಟೆ) ಕೆಳಭಾಗದವರೆಗಿನ ಅಳತೆ. ಅಡಿಯಲ್ಲಿ ವಾಷರ್ ಇದ್ದರೆ ಅದರ ಮೇಲಿನಿಂದ ಅಳೆಯಬೇಕು. ನಾನು ವಾಷರ್ ತೆಗೆದಿಟ್ಟು ಅಳೆದು ಅರ್ಧ ದಿನ ಹಾಳು ಮಾಡಿದೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡು ಅಂಕಿ ತಗೊಳ್ಳೋಣ, ಇವು ಜಿಪ್ಸಿಯ ಅಳತೆ ಅಲ್ಲ. ಬಿಡಿ ಸ್ಪ್ರಿಂಗ್ ಉದ್ದ 46 ಮಿ.ಮೀ. ಪ್ರತಿ ಮಿ.ಮೀ. ಒತ್ತಲು 3 ಕೆಜಿ ಬೇಕು. ಕೂತ ಎತ್ತರ 38. ಅಂದರೆ 8 ಮಿ.ಮೀ. ಒತ್ತಿದೆ, ಮುಚ್ಚಿದಾಗಿನ ತೂಕ 24 ಕೆಜಿ.

ಹಳೆ ಕ್ಯಾಮ್ 8 ಮಿ.ಮೀ. ಎತ್ತುತ್ತಿತ್ತು, ಪೂರ್ತಿ ತೆರೆದಾಗಿನ ತೂಕ: 24 + 24 = 48 ಕೆಜಿ. ಹೊಸದು 9.5 ಎತ್ತುತ್ತದೆ: 24 + 28.5 = 52.5 ಕೆಜಿ. ಹೊಸ ಕ್ಯಾಮ್‌ಗೆ 55 ಬೇಕು ಅನ್ನಿ. ನನ್ನ ತಲೆಗೆ ಹೊಳೆದದ್ದು: ಅಡಿಯಲ್ಲಿ 0.8ರ ಶಿಮ್ (ತೆಳು ವಾಷರ್) ಹಾಕು, ಎತ್ತರ 37.2 ಆಗುತ್ತದೆ, ತೂಕ 54.9. ಮುಗೀತು ಅಲ್ವಾ?

ಮುಗಿಯಲಿಲ್ಲ. ಸುರುಳಿಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುವ ಎತ್ತರ ಒಂದಿದೆ, ಅದು ಕಾಯಿಲ್ ಬೈಂಡ್. ಈ ಸ್ಪ್ರಿಂಗ್‌ಗೆ 27.5 ಅಂದುಕೊಳ್ಳಿ. ಹಳೆ ಕ್ಯಾಮ್‌ನಲ್ಲಿ ವಾಲ್ವ್ ಪೂರ್ತಿ ತೆರೆದಾಗ ಎತ್ತರ 38 − 8 = 30, ಸಂದು 2.5. ಹೊಸ ಕ್ಯಾಮ್‌ನಲ್ಲಿ 28.5, ಸಂದು 1. ನನ್ನ ಶಿಮ್ ಹಾಕಿದ ಮೇಲೆ 27.7, ಸಂದು ಬರೀ 0.2! ಸಾಮಾನ್ಯವಾಗಿ ಸುಮಾರು 1.5 ಮಿ.ಮೀ. ಬಿಡುತ್ತಾರೆ. ಸುರುಳಿ ಅಂಟಿದರೆ ಕ್ಯಾಮ್ ಕಬ್ಬಿಣದ ಗಟ್ಟಿಯನ್ನೇ ತಳ್ಳಿದಂತೆ. ರಾಕರ್ ಮುರಿಯುತ್ತದೆ, ಲೋಬ್ ಕಿತ್ತುಹೋಗುತ್ತದೆ.

ಅಂದರೆ ಶಿಮ್ ತೂಕ ಕೊಡುತ್ತದೆ, ಸಂದು ಕಿತ್ತುಕೊಳ್ಳುತ್ತದೆ. ಇದು ನನಗೆ ಹೊಳೆಯಲು ಮೂರು ಸಲ ಪೇಪರ್ ಹರಿಯಬೇಕಾಯಿತು. ಇಲ್ಲಿ ಬೇರೆ ಸ್ಪ್ರಿಂಗೇ ಬೇಕು. ಬೈಂಡ್ 26.3, 38ರಲ್ಲಿ 28 ಕೆಜಿ, ಮಿ.ಮೀ.ಗೆ 3.2 ಕೆಜಿ ಇರುವುದು ಸಿಕ್ಕರೆ: ತೆರೆದಾಗ 58.4 ಕೆಜಿ, ಸಂದು 2.2.

ರಿಟೈನರ್ ಮತ್ತು ಆಯಿಲ್ ಸೀಲ್ ನಡುವಿನ ಸಂದು ಬೇರೆಯೇ ವಿಷಯ. ಶಿಮ್ ಹಾಕಿದರೂ ಅದು ಬದಲಾಗುವುದಿಲ್ಲ, ಯಾಕೆಂದರೆ ರಿಟೈನರ್ ಇದ್ದಲ್ಲೇ ಇರುತ್ತದೆ. ಅದನ್ನೂ ಪೂರ್ತಿ ಲಿಫ್ಟ್‌ನಲ್ಲಿ ಅಳೆಯಬೇಕು. ಪಿಸ್ಟನ್‌ಗೆ ವಾಲ್ವ್ ತಾಗುತ್ತದೋ ಎಂಬುದಕ್ಕೆ ಪಿಸ್ಟನ್ ಮೇಲೆ ಮಕ್ಕಳ ಆಟದ ಕ್ಲೇ ಹಚ್ಚಿ ಇಂಜಿನ್ ಕೈಯಲ್ಲಿ ತಿರುಗಿಸಿ ನೋಡುವುದು.

ತೂಗುವುದು ಹೇಗೆ

ಸ್ಪ್ರಿಂಗ್ ಟೆಸ್ಟರ್ ನಮ್ಮಲ್ಲಿಲ್ಲ. ಅಮರಗೋಳ ಎಪಿಎಂಸಿಯಲ್ಲಿ ಅಂಗಡಿ ಇರುವ ಕಾಕಾನಿಂದ ಮೆಣಸಿನಕಾಯಿ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. "ಇದರಾಗ ಏನ್ ತೂಗ್ತಿಯೋ?" ಅಂತ ನಕ್ಕರು. ಡ್ರಿಲ್ ಪ್ರೆಸ್ ಕೆಳಗೆ ತಕ್ಕಡಿ ಇಟ್ಟು, ಮೇಲೆ ದಪ್ಪ ಪ್ಲೇಟ್, ಅದರ ಮೇಲೆ ಸ್ಪ್ರಿಂಗ್. ಮೋಟರ್ ಆಫ್, ಚಕ್‌ನಲ್ಲಿ ಚಪ್ಪಟೆ ತುದಿಯ ಸರಳು. ಹಿಡಿಕೆ ಇಳಿಸಿ, ವರ್ನಿಯರ್‌ನಲ್ಲಿ ಎತ್ತರ ನೋಡಿ, ತೂಕ ಓದುವುದು. ಎರಡು ಎತ್ತರಗಳಲ್ಲಿ ಓದಿದರೆ ಮಿ.ಮೀ.ಗೆ ಎಷ್ಟು ಕೆಜಿ ಎಂಬುದೂ ಸಿಗುತ್ತದೆ. ಸ್ಪ್ರಿಂಗ್ ಜಾರಿ ಮುಖಕ್ಕೆ ಹಾರಬಹುದು, ಕನ್ನಡಕ ಬೇಕೇ ಬೇಕು. ತಕ್ಕಡಿಯ ಮಿತಿಯನ್ನೂ ಮೊದಲು ನೋಡಿ, ಕಾಕಾ ಬೈಯುತ್ತಾರೆ.

ಸೀಟ್ ಕಟಿಂಗ್ ಆದ ಹೆಡ್

ಸೀಟ್ (ವಾಲ್ವ್ ಮುಚ್ಚಿ ಕೂರುವ ಅಂಚು) ಕಡಿದರೆ ವಾಲ್ವ್ ಒಳಕ್ಕೆ ಕೂರುತ್ತದೆ, ಸ್ಟೆಮ್ (ವಾಲ್ವ್‌ನ ದಂಡ) ಮೇಲೆ ಬರುತ್ತದೆ. ಕೂತ ಎತ್ತರ ಹೆಚ್ಚುತ್ತದೆ. ಮೇಲಿನ ಮೊದಲ ಸ್ಪ್ರಿಂಗ್‌ನಲ್ಲೇ 0.6 ಹೆಚ್ಚಾದರೆ 24 ಕೆಜಿ 22.2ಕ್ಕೆ ಇಳಿಯುತ್ತದೆ. ಹೊಸ ಸ್ಪ್ರಿಂಗ್ ಹಾಕಿಯೂ ಬಲ ಕಡಿಮೆ! ಶಿಮ್‌ನ ನಿಜವಾದ ಕೆಲಸ ಇಲ್ಲಿದೆ. ಹೆಚ್ಚಾದಷ್ಟನ್ನೇ ತುಂಬುವುದರಿಂದ ಮೂಲ ಲೆಕ್ಕದ ಸಂದು ಹಾಗೇ ಉಳಿಯುತ್ತದೆ.

ಅದಕ್ಕೇ ಒಂದು ವಾಲ್ವ್ ಅಳೆದು ಎಲ್ಲದಕ್ಕೂ ಅದೇ ಅಂಕಿ ಬರೆಯಬೇಡಿ. ನಾನು ಮಾರ್ಕರ್‌ನಿಂದ ಹೆಡ್ ಮೇಲೆಯೇ ಒಂದೊಂದರ ಎತ್ತರ ಬರೆದೆ. ಎರಡನೇ ಸಿಲಿಂಡರ್‌ನ ಒಂದು ಎಕ್ಸಾಸ್ಟ್ ವಾಲ್ವ್ ಮಾತ್ರ ಉಳಿದವಕ್ಕಿಂತ 0.5 ಜಾಸ್ತಿ ತೋರಿಸಿತು. ನಾಳೆ ಅದಕ್ಕೆ ಶಿಮ್ ಹುಡುಕಬೇಕು.