ಇಸ್ರೇಲಿನ ಅರಸರು, ಶತ್ರುಗಳ ಶಾಸನ

ಬೈಬಲಿನ ಇಸ್ರೇಲ್ ಅರಸರ ಬಗ್ಗೆ ಹಳೆಯ ಶಾಸನಗಳು ಏನು ಹೇಳುತ್ತವೆ ಅನ್ನುವುದೇ ಈ ಪಾಠ. ಇದರಲ್ಲಿ ನನ್ನನ್ನು ಮೊದಲು ಕಾಡಿದ್ದು ಇದು. ಬೈಬಲಿನಲ್ಲಿ ಅಷ್ಟು ವೈಭವದಿಂದ ಮೆರೆಯುವ ಸೊಲೊಮೋನನ ಹೆಸರಿರುವ, ಅವನ ಕಾಲದ ಒಂದೇ ಒಂದು ಶಾಸನವೂ ಸಿಕ್ಕಿಲ್ಲ. ಆದರೆ ಒಮ್ರಿ ಅನ್ನುವ ಅರಸನ ಆಳ್ವಿಕೆಯನ್ನು ಬೈಬಲ್ ಆರೇ ವಚನಗಳಲ್ಲಿ ಮುಗಿಸುತ್ತದೆ, ಅವನ ಹೆಸರು ಮಾತ್ರ ಹೊರಗಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಾರಣ ಸರಳ. ಈ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿದವರು ಹೆಚ್ಚಾಗಿ ಇವರ ಜೊತೆ ಜಗಳವಾಡಿದ ಅರಸರು. ಹಾಗಾಗಿ ಪ್ರತಿ ಶಾಸನ ಓದುವಾಗಲೂ ‘ಬರೆಸಿದವನು ಯಾರು?’ ಅಂತ ಕೇಳಿಕೊಳ್ಳಿ.

‘ಇಸ್ರೇಲ್’ ಅನ್ನುವ ಹೆಸರು ಮೊದಲು ಸಿಗುವುದು ಈಜಿಪ್ಟಿನ ಮೆರ್ನೆಪ್ಟಾನ ಶಾಸನದಲ್ಲಿ, ಸುಮಾರು ಕ್ರಿ.ಪೂ. 1208. ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಇದನ್ನು 1896ರಲ್ಲಿ ಥೀಬ್ಸ್‌ನಲ್ಲಿ ಪತ್ತೆಮಾಡಿದರು. ಇಸ್ರೇಲಿನ ಬೀಜವೇ ಉಳಿದಿಲ್ಲ ಅಂತ ಫರೋಹ ಜಂಬ ಕೊಚ್ಚಿಕೊಳ್ಳುತ್ತಾನೆ. ಆದರೆ ಅಲ್ಲಿನ ಚಿತ್ರಲಿಪಿಯಲ್ಲಿ ಇಸ್ರೇಲ್ ಹೆಸರಿನ ಪಕ್ಕದಲ್ಲಿರುವುದು ನಾಡು ಅಂತ ತೋರಿಸುವ ಗುರುತಲ್ಲ, ಜನರು ಅಂತ ತೋರಿಸುವ ಗುರುತು. ಇದನ್ನು ರಾಜ್ಯಕ್ಕೆ ಸಾಕ್ಷಿ ಅಂತ ಬರೆದರೆ ತಪ್ಪಾಗುತ್ತದೆ.

ಸೊಲೊಮೋನನ ತಂದೆ ದಾವೀದನ ವಿಷಯಕ್ಕೆ ಉತ್ತರ ಇಸ್ರೇಲಿನ ತೇಲ್ ದಾನ್ ಅನ್ನುವ ಜಾಗದ ಶಾಸನ ಮುಖ್ಯ. 1993ರಲ್ಲಿ ಸಿಕ್ಕ ಕಲ್ಲಿನ ತುಂಡು, ಭಾಷೆ ಅರಾಮಿಕ್, ಕಾಲ ಕ್ರಿ.ಪೂ. 9ನೇ ಶತಮಾನ. ಬರೆಸಿದವನು ಬಹುಶಃ ದಮಸ್ಕದ ಅರಸ ಹಜಾಯೇಲ. ಅದರಲ್ಲಿ ‘ದಾವೀದನ ಮನೆ’ ಅಂತ ಇದೆ ಎಂದು ಹೆಚ್ಚಿನ ವಿದ್ವಾಂಸರು ಓದುತ್ತಾರೆ. ಮನೆ ಅಂದರೆ ಇಲ್ಲಿ ಮನೆತನ. ಇಸ್ರೇಲಿನ ದಕ್ಷಿಣಕ್ಕಿದ್ದ ಯೆಹೂದ ರಾಜ್ಯದ ರಾಜವಂಶವನ್ನು ನೆರೆಯವರು ಅವನ ಹೆಸರಿನಿಂದ ಕರೆಯುತ್ತಿದ್ದರು ಅಂತ ತಿಳಿಯುತ್ತದೆ. ಅವನ ರಾಜ್ಯ ಎಷ್ಟು ದೊಡ್ಡದಿತ್ತು ಅನ್ನುವುದು ಇದರಿಂದ ತಿಳಿಯುವುದಿಲ್ಲ.

ಇನ್ನು ಒಮ್ರಿ. ಅವನು ಪಕ್ಕದ ರಾಜ್ಯ ಮೋವಾಬನ್ನು ಬಹುಕಾಲ ಪೀಡಿಸಿದ ಅಂತ ಮೋವಾಬಿನ ಅರಸ ಮೇಷ ಬರೆಸಿದ. ಆ ಕಲ್ಲು 1868ರಲ್ಲಿ ಇಂದಿನ ಜೋರ್ಡಾನಿನ ಧೀಬಾನ್‌ನಲ್ಲಿ ಬೆಳಕಿಗೆ ಬಂತು, ಆಮೇಲೆ ಜಗಳದಲ್ಲಿ ಚೂರು ಚೂರಾಯಿತು. ಮೊದಲೇ ಕಾಗದದ ಮೇಲೆ ಅಚ್ಚು ತೆಗೆದಿದ್ದರಿಂದ ಬರಹ ಬಚಾವ್! ಒಮ್ರಿಯ ಮಗ ಅಹಾಬ ಕ್ರಿ.ಪೂ. 853ರ ಕರ್ಕರ್ ಯುದ್ಧಕ್ಕೆ 2,000 ರಥ, 10,000 ಸೈನಿಕರನ್ನು ತಂದಿದ್ದ ಅನ್ನುತ್ತದೆ ಅವನ ಎದುರಾಳಿ ಅಶ್ಶೂರದ (ಇಂದಿನ ಉತ್ತರ ಇರಾಕಿನ ಕಡೆಯ ಸಾಮ್ರಾಜ್ಯ) ಶಾಸನ. ಲೆಕ್ಕ ಸ್ವಲ್ಪ ಜಾಸ್ತಿಯೇ ಇರಬಹುದು. ಎದುರಾಳಿ ದೊಡ್ಡವನಾದಷ್ಟೂ ಗೆದ್ದವನಿಗೇ ಹೆಮ್ಮೆ ಅಲ್ವಾ? ಈ ಯುದ್ಧದ ಸುದ್ದಿಯೇ ಬೈಬಲಿನಲ್ಲಿಲ್ಲ. ತಮಾಷೆ ಏನೆಂದರೆ, ಒಮ್ರಿಯ ವಂಶವನ್ನೇ ಕೊಂದು ಪಟ್ಟಕ್ಕೆ ಬಂದ ಯೇಹುವನ್ನೂ ಅಶ್ಶೂರದವರು ‘ಒಮ್ರಿಯ ಮಗ’ ಅಂತಲೇ ಬರೆದರು.

ಎರಡೂ ಕಡೆಯ ಮಾತು ಸಿಗುವುದು ಕ್ರಿ.ಪೂ. 701ಕ್ಕೆ. ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲೇ. ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಮೇಲೆ ಬಂದ. 46 ಕೋಟೆ ಊರುಗಳನ್ನು ಹಿಡಿದೆ, ಅಲ್ಲಿನ ಅರಸ ಹಿಜ್ಕೀಯನನ್ನು ಅವನ ರಾಜಧಾನಿ ಯೆರೂಸಲೇಮಿನಲ್ಲಿ ಪಂಜರದ ಹಕ್ಕಿಯ ಹಾಗೆ ಕೂಡಿಹಾಕಿದೆ ಅನ್ನುತ್ತಾನೆ. ಹಿಜ್ಕೀಯ ಕೊಟ್ಟ ಕಪ್ಪ 30 ತಲಾಂತು (ಆ ಕಾಲದ ತೂಕದ ಅಳತೆ) ಚಿನ್ನ, 800 ತಲಾಂತು ಬೆಳ್ಳಿ. ಬೈಬಲಿನಲ್ಲೂ ಚಿನ್ನ 30, ಆದರೆ ಬೆಳ್ಳಿ 300. ದೇವದೂತ ಒಂದೇ ರಾತ್ರಿ 1,85,000 ಅಶ್ಶೂರದ ಸೈನಿಕರನ್ನು ಹೊಡೆದ ಅಂತ ಬೈಬಲ್. ಸನ್ಹೇರೀಬ ಆ ಬಗ್ಗೆ ಮಾತೇ ಆಡುವುದಿಲ್ಲ. ಆದರೆ ಯೆರೂಸಲೇಮನ್ನು ಹಿಡಿದೆ ಅಂತಲೂ ಅವನು ಎಲ್ಲೂ ಹೇಳುವುದಿಲ್ಲ! ಅಶ್ಶೂರದ ನಿನೆವೆಯಲ್ಲಿದ್ದ ತನ್ನ ಅರಮನೆಯ ಗೋಡೆಗೆ ಅವನು ಕೆತ್ತಿಸಿಕೊಂಡದ್ದು ಯೆಹೂದದ ಇನ್ನೊಂದು ಕೋಟೆ ಊರಾದ ಲಾಕೀಷಿನ ಮುತ್ತಿಗೆಯನ್ನು. ಯೆರೂಸಲೇಮ್ ಕೈಗೆ ಸಿಕ್ಕಿದ್ದರೆ ಅದನ್ನೇ ಕೆತ್ತಿಸುತ್ತಿದ್ದ ಅಂತ ನನಗನ್ನಿಸುತ್ತದೆ. ಲಾಕೀಷಿನಲ್ಲಿ ಅಗೆದಾಗ ಕೋಟೆ ಹತ್ತಲು ಒಟ್ಟಿದ ಕಲ್ಲುಮಣ್ಣಿನ ಇಳಿಜಾರು, ಬಾಣದ ಮೊನೆ, ಕವಣೆ ಕಲ್ಲು ಎಲ್ಲವೂ ಸಿಕ್ಕವು.

ಮುತ್ತಿಗೆಗೆ ಮೊದಲೇ ಹಿಜ್ಕೀಯ ನೀರನ್ನು ಯೆರೂಸಲೇಮಿನೊಳಗೆ ತಂದ ಅಂತ ಬೈಬಲ್ ಹೇಳುತ್ತದೆ. ಬಂಡೆ ಕೊರೆದ ಆ ಸುರಂಗ ಇವತ್ತಿಗೂ ಇದೆ, ಉದ್ದ ಸುಮಾರು 533 ಮೀಟರ್. 1880ರಲ್ಲಿ ಅದರ ಗೋಡೆಯಲ್ಲಿ ಹೀಬ್ರೂ ಬರಹವೊಂದು ಹುಡುಗರ ಕಣ್ಣಿಗೆ ಬಿತ್ತು. ಎರಡು ಕಡೆಯಿಂದ ಕೊರೆಯುತ್ತಾ ಬಂದವರಿಗೆ ಮೂರು ಮೊಳ ಬಾಕಿ ಇರುವಾಗ ಆಚೆಯವರ ಕೂಗು ಕೇಳಿಸಿತಂತೆ. ಶತ್ರುಗಳ ಶಾಸನದಲ್ಲಿ ಅರಸರ ಹೆಸರು ಹುಡುಕಿ ಹುಡುಕಿ ಇಲ್ಲಿಗೆ ಬಂದರೆ, ಇಲ್ಲಿ ಅರಸನ ಹೆಸರೇ ಇಲ್ಲ. ಇರುವುದು ಕಲ್ಲು ಒಡೆದವರ ಮಾತು ಮಾತ್ರ.