ಬಿಳಿ ಸಸಿಗೆ ಎಂತ ಹೊಡಿಯದು ಸಾರ್?

ಹೋದ ತಿಂಗಳು ಒಂದು ರಾತ್ರಿ ವಾಟ್ಸಾಪಿಗೆ ಫೋಟೋ ಬಂತು. ಕಳಿಸಿದವರು ಹೊಸನಗರ ಕಡೆಯ ಒಬ್ಬ ಅಮ್ಮ. ಅವರ ತೋಟದ ಅಪ್ಪೆಮಿಡಿ ಕಸಿ ಗಿಡಗಳೆಲ್ಲ ನಮ್ಮ ನರ್ಸರಿಯಿಂದಲೇ ಹೋದವು. ಈಗ ಮಗನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾರೆ. ಫೋಟೋದಲ್ಲಿ ನಾಲ್ಕು ಜನ ಕೈ ಹಿಡಿದು ಸುತ್ತಿದರೂ ಸಾಲದಂಥ ಮರದ ಬುಡ, ಅದರ ಪಕ್ಕ ಆಳೆತ್ತರದ ಪೊದೆ. ಪೊದೆ ಪೂರ್ತಿ ಬಿಳಿ. ಸುಣ್ಣದ ನೀರಲ್ಲಿ ಅದ್ದಿ ತೆಗೆದ ಹಾಗಿತ್ತು. ಕೆಳಗೆ ಒಂದೇ ಸಾಲು: "ಇದಕ್ಕೆ ಎಂತ ಕೊರತೆ? ಇಲ್ಲಿಯವರು ಎಂತದೂ ಹಾಕದೇ ಇಲ್ಲ."

ಸಾಂತಾಕ್ರೂಜ್ ಹತ್ತಿರದ ಹೆನ್ರಿ ಕೋವೆಲ್ ಪಾರ್ಕಿನಲ್ಲಿ ರೆಡ್‌ವುಡ್ ಮರ ನೋಡಲು ಹೋದವರಿಗೂ ಮೊದಲು ನೆನಪಾದದ್ದು ಗೊಬ್ಬರ! ನಗು ಬಂತು. ಸ್ವಲ್ಪ ಸುಸ್ತೂ ಆಯಿತು. ಯಾಕೆಂದರೆ ಮಳೆ ಹಿಡಿದ ಮೇಲೆ ಇದೇ ಪ್ರಶ್ನೆ ಸಾಗರದಿಂದ, ತೀರ್ಥಹಳ್ಳಿಯಿಂದ, ಸೊರಬದಿಂದ ನನಗೆ ಬರುತ್ತಲೇ ಇರುತ್ತದೆ. ಓಟೆ ಹಾಕಿದ ಮಾವಿನ ಪಾತಿಯಲ್ಲಿ ನೂರಾರು ಸಸಿ ಚೆನ್ನಾಗಿ ಎದ್ದಿರುತ್ತವೆ, ನಡುವೆ ಒಂದೆರಡು ಹಾಲುಬಿಳಿ. "ಸಾರ್, ಇದಕ್ಕೆ ಎಂತ ಹೊಡಿಯದು?"

ಎಂತದೂ ಹೊಡೆಯುವುದು ಬೇಡ. ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ. ನಾನು ಏನೋ ಮುಚ್ಚಿಡುತ್ತಿದ್ದೇನೆ ಅಂತ ಅನುಮಾನ ಬಂದು ಸೀದಾ ಔಷಧಿ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಕೌಂಟರಿನ ಹಿಂದೆ ಬಾಟಲಿಗೇನು ಬರವೇ? ಎರಡು ವರ್ಷದ ಹಿಂದೆ ಒಬ್ಬರು ಒಂದು ಬಿಳಿ ಸಸಿಯನ್ನು ಬಾಳೆ ಎಲೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಅದಕ್ಕೆ ಆಗಲೇ ನೈಂಟೀನ್ ಆಲ್ ಅನ್ನುವ ನೀರಲ್ಲಿ ಕರಗಿಸುವ ಗೊಬ್ಬರ ಆಗಿತ್ತು, ಮೆಗ್ನೀಷಿಯಂ ಆಗಿತ್ತು, ಜಿಂಕ್ ಆಗಿತ್ತು. ಎಲೆ ಅಂಚು ಸುಟ್ಟು ಕಂದಾಗಿತ್ತು. ಬೈಯೋಣ ಅಂದುಕೊಂಡೆ. ಸಸಿಯನ್ನು ಕೂಸಿನ ಹಾಗೆ ಹಿಡಿದಿದ್ದರು, ಬಾಯಿ ಬರಲಿಲ್ಲ.

ಜನರ ಹೆದರಿಕೆಯೂ ಸುಮ್ನೆ ಅಲ್ಲ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಎಷ್ಟು ಅಡಿಕೆ ತೋಟ ತಿಂದಿದೆ ಅಂತ ಗೊತ್ತೇ ಇದೆ. ಈಗ ಎಲೆಚುಕ್ಕೆ ಬೇರೆ. ಎಲೆಯ ಬಣ್ಣ ಸ್ವಲ್ಪ ಬದಲಾದರೆ ಸಾಕು, ಮಲೆನಾಡಿನವರ ಎದೆ ಧಸಕ್ಕೆನ್ನುತ್ತದೆ. ಆದರೆ ಹಳದಿ ಬೇರೆ, ಬಿಳಿ ಬೇರೆ. ನಾನು ಹೇಳಬೇಕಾದದ್ದು ಇದೊಂದೇ, ಹಾಗಾಗಿ ಸ್ವಲ್ಪ ಎಳೆದು ಹೇಳುತ್ತೇನೆ.

ಎಲೆ ಅಂದರೆ ಗಿಡದ ಅಡುಗೆಮನೆ ಅಂತ ಇಟ್ಟುಕೊಳ್ಳಿ. ಬೇರು ನೀರು ತರುತ್ತದೆ, ಉಪ್ಪು ತರುತ್ತದೆ. ನಾವು ಚೀಲಗಟ್ಟಲೆ ಸುರಿಯುವ ಗೊಬ್ಬರವೂ ಈ ಉಪ್ಪಿನ ಲೆಕ್ಕಕ್ಕೇ ಬರುವುದು. ಗೊಬ್ಬರ ಗಿಡದ ಊಟ ಅಲ್ಲ. ಊಟ ಅಂದರೆ ಸಕ್ಕರೆ. ಅದನ್ನು ಗಾಳಿ, ನೀರು, ಬಿಸಿಲು ಸೇರಿಸಿ ಎಲೆಯೇ ಬೇಯಿಸಿಕೊಳ್ಳಬೇಕು. ಬೇಯಿಸುವ ಒಲೆ ಯಾವುದು? ಎಲೆಯ ಹಸಿರು. ಶಾಲೆಯಲ್ಲಿ ಪತ್ರಹರಿತ್ತು ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಕಬ್ಬಿಣವೋ ಮೆಗ್ನೀಷಿಯಮೋ ಕಡಿಮೆಯಾದಾಗ ಒಲೆಯ ಉರಿ ತಗ್ಗುತ್ತದೆ, ಎಲೆ ಹಳದಿಯಾಗುತ್ತದೆ. ಆಗ ಬೇಕಾದ್ದು ಕೊಟ್ಟರೆ ಮತ್ತೆ ಉರಿಯುತ್ತದೆ. ಬಿಳಿ ಸಸಿಯಲ್ಲಿ ಉರಿ ತಗ್ಗಿದ್ದಲ್ಲ, ಒಲೆಯನ್ನೇ ಹೂಡಿಲ್ಲ. ಹಸಿರು ತಯಾರಿಸುವ ಗುಣವೇ ಬೀಜದಲ್ಲಿ ಕೆಟ್ಟಿದೆ. ಒಲೆಯೇ ಇಲ್ಲದ ಮನೆಗೆ ಉಪ್ಪಿನ ಮೂಟೆ ಹೊತ್ತುಕೊಂಡು ಹೋದರೆ ಅನ್ನ ಆಗುತ್ತದಾ?

"ಮತ್ತೆ ಇಷ್ಟು ದಿನ ಬದುಕಿದ್ದು ಹ್ಯಾಂಗೆ?" ಎರಡನೇ ಪ್ರಶ್ನೆ ಯಾವಾಗಲೂ ಇದೇ. ಓಟೆಯೊಳಗಿನ ಬುತ್ತಿಯಲ್ಲಿ. ಮಾವಿನ ಬೀಜ ದೊಡ್ಡದು, ಬುತ್ತಿಯೂ ದೊಡ್ಡದು. ಹಾಗಾಗಿ ಬಿಳಿ ಸಸಿ ನಾಲ್ಕಾರು ಎಲೆ ಬಿಟ್ಟು ಸೊಗಸಾಗಿ ನಿಲ್ಲುತ್ತದೆ, ಆಮೇಲೆ ಒಂದು ದಿನ ಸೊರಗಿ ಮಲಗುತ್ತದೆ. ಆ ವಾರ ನೀವು ಏನು ಹೊಡೆದಿರುತ್ತೀರೋ ಅದರ ತಲೆ ಮೇಲೆ ಅಪವಾದ. ಅದಕ್ಕಿಂತ ಮುಂಚೆ ಹೊಡೆದದ್ದು "ಕೆಲಸ ಮಾಡಿತ್ತು" ಅಂತ ಊರೆಲ್ಲ ಸುದ್ದಿ.

ನೋಡಿ ಗುರುತಿಸುವುದು ಕಷ್ಟವಲ್ಲ. ಕಬ್ಬಿಣದ ಕೊರತೆಯಾದರೆ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಮೆಗ್ನೀಷಿಯಂ ಆದರೆ ಹಳೇ ಎಲೆಯಿಂದ ಶುರು, ಅಲ್ಲೂ ನರದ ಪಕ್ಕ ಹಸಿರು ಉಳಿದಿರುತ್ತದೆ. ಬಿಳಿ ಸಸಿಯಲ್ಲಿ ಮೊದಲ ಎಲೆಯೇ ಬಿಳಿ, ನರವೂ ಬಿಳಿ. ಬೆಳಕಿಗೆ ಹಿಡಿದರೆ ಎಣ್ಣೆ ಹಚ್ಚಿದ ಕಾಗದದ ಹಾಗೆ ಆಚೆ ಬದಿಯ ಬೆರಳು ಮಸುಕಾಗಿ ಕಾಣುತ್ತದೆ. ಹಾಗಂತ ಕಂಡ ಕೂಡಲೇ ಕಿತ್ತು ಎಸೆಯಬೇಡಿ. ದಪ್ಪ ದರಗಿನ ಅಡಿ ಕತ್ತಲಲ್ಲಿ ಎದ್ದ ಸಸಿಯೂ ಬಿಳಚಿಕೊಂಡಿರುತ್ತದೆ, ಬೆಳಕು ಬಿದ್ದರೆ ಹಸಿರಾಗುತ್ತದೆ. ಪಕ್ಕದಲ್ಲಿ ಕಳೆನಾಶಕ ಹೊಡೆದದ್ದು ಹಾರಿ ತಾಗಿದ್ದರೂ ಚಿಗುರು ಬಿಳಿಯಾಗುವುದುಂಟು. ಹದಿನೈದು ದಿನ ನೋಡಿ. ಮಾವಿನ ಚಿಗುರು ತಾಮ್ರದ ಬಣ್ಣಕ್ಕೆ ಬರುವುದು ರೋಗ ಅಲ್ಲ, ಅದನ್ನೂ ಕೇಳುವವರಿದ್ದಾರೆ.

ಈಗ ಆ ಅಮ್ಮನ ಬಿಳಿ ಪೊದೆಗೆ ಬರುತ್ತೇನೆ. ಒಲೆ ಇಲ್ಲದೆ ಅದು ಆಳೆತ್ತರ ಬೆಳೆದದ್ದು ಹೇಗೆ?

ಆ ಮರದ ಜಾತಿಗೆ ಅಲ್ಲಿ ರೆಡ್‌ವುಡ್ ಅನ್ನುತ್ತಾರೆ. ಲೋಕದಲ್ಲೇ ಎತ್ತರದ ಮರ. ಅದರಲ್ಲೂ ಎತ್ತರದ್ದನ್ನು 2006ರಲ್ಲಿ ಪತ್ತೆ ಮಾಡಿದರು, 115 ಮೀಟರ್ ದಾಟಿದೆ. ಈ ಮರಕ್ಕೆ ಬುಡದಿಂದಲೂ ಬೇರಿನಿಂದಲೂ ಮರಿ ಹೊಡೆಯುವ ಚಾಳಿ, ನಮ್ಮ ಬಾಳೆಯ ಹಾಗೆ ಅನ್ನಿ. ಅಪರೂಪಕ್ಕೆ ಎಲ್ಲೋ ಒಂದು ಮರಿ ಬಿಳಿಯಾಗಿ ಹುಟ್ಟುತ್ತದೆ. ಬೀಜದಿಂದ ಎದ್ದ ಬಿಳಿ ಸಸಿ ಅಲ್ಲೂ ಸಾಯುತ್ತದೆ, ನಮ್ಮ ಮಾವಿನ ಹಾಗೇ. ಆದರೆ ಈ ಮರಿಗೆ ತಾಯಿಮರದ ಬೇರಿನ ನಂಟು ಕಡಿದಿಲ್ಲ. ದೊಡ್ಡ ಮರ ನೂರಾರು ಅಡಿ ಮೇಲೆ ಬಿಸಿಲಲ್ಲಿ ಬೇಯಿಸಿದ್ದು ಬುಡಕ್ಕಿಳಿದು ಬರುತ್ತದೆ, ಇದು ಕೂತು ಉಣ್ಣುತ್ತದೆ. ಇಂಥವನ್ನು ಈವರೆಗೆ ನೂರಾರು ಗುರುತಿಸಿದ್ದಾರೆ. ಜನ ಕಿತ್ತುಕೊಂಡು ಹೋಗುತ್ತಾರೆ ಅಂತ ಹಲವು ಎಲ್ಲಿವೆ ಅನ್ನುವುದನ್ನೇ ಹೇಳುವುದಿಲ್ಲ. ಒಳ್ಳೆಯದೇ. ಕಿತ್ತು ಮನೆಗೆ ತಂದರೆ ಒಣಗಿದ ಕಡ್ಡಿ ಉಳಿಯುತ್ತದೆ, ಅಷ್ಟೇ.

ಬರಗಾಲ ಬಂದು ತಾಯಿಮರಕ್ಕೇ ತತ್ವಾರವಾದರೆ ಮೊದಲು ಒಣಗುವುದು ಈ ಬಿಳಿ ಮರಿ. ಹಾಗಾದರೆ ಮರ ಇದನ್ನು ಯಾಕೆ ಸಾಕುತ್ತದೆ? ಝೇನ್ ಮೂರ್ ಎಂಬ ಸಂಶೋಧಕರು ಬಿಳಿ ಎಲೆಗಳನ್ನು ಪರೀಕ್ಷೆ ಮಾಡಿದಾಗ ನಿಕಲ್, ತಾಮ್ರ, ಕ್ಯಾಡ್ಮಿಯಂ ಹಸಿರು ಎಲೆಗಿಂತ ಬಹಳ ಜಾಸ್ತಿ ಸಿಕ್ಕಿತಂತೆ. 2016ರಲ್ಲಿ ಇದು ಸುದ್ದಿಯಾಗಿತ್ತು. ಮಣ್ಣಿನ ವಿಷವನ್ನು ಮರ ಈ ಮರಿಗೆ ತಳ್ಳಿ ತಾನು ಹಗುರಾಗುತ್ತದೆಯೋ ಏನೋ ಅನ್ನುವುದು ಅವರ ಊಹೆ. ಊಹೆ ಅಂತಲೇ ತಿಳಿದುಕೊಳ್ಳಿ. "ಬಿಳಿ ಗಿಡ ವಿಷ ಹೀರುತ್ತದೆ" ಅಂತ ನಾಳೆ ಯಾರಾದರೂ ಮಾರಲು ಬಂದರೆ ನನ್ನ ಹೆಸರು ಹೇಳಬೇಡಿ.

ಇದನ್ನೆಲ್ಲ ಕೇಳಿದವರು ಸಾಮಾನ್ಯವಾಗಿ "ಓಹೋ, ನಮ್ಮ ಬಂದಳಿಕೆ ಹಾಗೆ" ಅನ್ನುತ್ತಾರೆ. ಅಲ್ಲ. ಬಂದಳಿಕೆಯ ಎಲೆ ನೋಡಿ, ದಪ್ಪ, ಹಸಿರು. ಅದಕ್ಕೆ ಸ್ವಂತ ಒಲೆ ಇದೆ. ಪಕ್ಕದ ಮನೆಯ ನಲ್ಲಿಗೆ ಪೈಪು ಸಿಕ್ಕಿಸಿ ನೀರು, ಉಪ್ಪು ಕದಿಯುತ್ತದೆ, ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಹಕ್ಕಿ ತಂದು ಅಂಟಿಸಿದ ಬೇರೆ ಜಾತಿ ಅದು. ಕಂಡರೆ ಅಂಟಿಕೊಂಡ ಗಂಟಿನ ಕೆಳಗೆ ಕೊಂಬೆ ಸಮೇತ ಕತ್ತರಿಸಲೇಬೇಕು. ನಮ್ಮ ಶ್ರೀಗಂಧವೂ ಇದೇ ಪಂಗಡ, ಅದರ ಕೆಲಸ ನೆಲದಡಿಯಲ್ಲಿ. ಒಬ್ಬರು ನನ್ನಿಂದ ಗಂಧದ ಸಸಿ ಒಯ್ದು, ಪ್ಯಾಕೆಟ್ಟಿನಲ್ಲಿ ಜೊತೆಗಿದ್ದ ತೊಗರಿ ಗಿಡವನ್ನು ಕಳೆ ಅಂತ ನೀಟಾಗಿ ಕಿತ್ತು, ಎರಡು ತಿಂಗಳಿಗೆ "ಸಸಿ ಹಳದಿಯಾಗಿದೆ, ನಿಮ್ಮ ಗಿಡ ಸರಿ ಇಲ್ಲ" ಅಂತ ಜಗಳಕ್ಕೆ ಬಂದರು. ಆ ತೊಗರಿಯ ಬೇರಿಗೆ ಬೇರು ಹಾಕಿಯೇ ಗಂಧ ಬದುಕುವುದು ಮಾರಾಯ್ರೆ! ಅಲ್ಲಿ ಹಸಿವು ನಿಜ. ಹೊಸ ಜೊತೆ ಗಿಡ ನೆಟ್ಟರೆ ಚೇತರಿಸಿಕೊಳ್ಳುವ ಆಸೆ ಇರುತ್ತದೆ.

ಬಿಳಿ ಮರಿ ಇದ್ಯಾವುದೂ ಅಲ್ಲ. ಕದಿಯಲು ಅದಕ್ಕೆ ಕೊಕ್ಕೆಯೂ ಇಲ್ಲ. ಅದೇ ಮರದ ಒಡಲು, ದುಡಿಯಲಾಗದ ಮಗು.

ನಮ್ಮಲ್ಲಿ ಇದನ್ನು ನೋಡಲು ಕ್ಯಾಲಿಫೋರ್ನಿಯಾ ಬೇಡ. ಬಿಳಿ ಪಟ್ಟೆಯ ಎಲೆಯ ದಾಸವಾಳ ಎಷ್ಟು ಮನೆಯಂಗಳದಲ್ಲಿಲ್ಲ? ಅದರಲ್ಲಿ ಕೆಲವೊಮ್ಮೆ ಒಂದು ಗೆಲ್ಲು ಪೂರ್ತಿ ಬಿಳಿ ಬರುತ್ತದೆ. ನಮ್ಮ ದೊಡ್ಡಮ್ಮನ ಅಂಗಳದಲ್ಲೂ ಬಂತು. ಆಷಾಢದ ಮಳೆಗೆ ಯಾವ ಕಡ್ಡಿ ಚುಚ್ಚಿದರೂ ಚಿಗುರುವ ಊರು ನಮ್ಮದು, ದೊಡ್ಡಮ್ಮನ ಕೈಗುಣವೋ ಕೇಳುವುದೇ ಬೇಡ. ಆ ಬಿಳಿ ಗೆಲ್ಲು ಕತ್ತರಿಸಿ ಮೂರು ಕಡ್ಡಿ ಊರಿದರು. ಬೇಡ ಅಂದೆ. "ನೀ ಸುಮ್ನಿರು, ಓದಿದ್ದು ಜಾಸ್ತಿಯಾಗ್ಯದೆ ನಿಂಗೆ" ಅಂದರು. ಮೂರೂ ಚಿಗುರಿದವು. ಅವತ್ತು ನನ್ನ ಮರ್ಯಾದೆ ಮಣ್ಣುಪಾಲು. ಗೌರಿಹಬ್ಬದ ಹೊತ್ತಿಗೆ ಮೂರೂ ಒಣಗಿ ನಿಂತಿದ್ದವು. ಕಡ್ಡಿಯಲ್ಲಿದ್ದ ಬುತ್ತಿ ಅಷ್ಟಕ್ಕೇ ಆಗಿತ್ತು. ತಾಯಿಗಿಡದಲ್ಲಿ ಉಳಿದಿದ್ದ ಬಿಳಿ ಮೋಟಿನಲ್ಲಿ ಮಾತ್ರ ಹೊಸ ಎಲೆ ಬಂದಿತ್ತು. ದೊಡ್ಡಮ್ಮ ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗಿನ ಹುಡುಗರು ಬಿಳಿ ಎಲೆಯ ಕಡ್ಡಿಗೆ ಆನ್‌ಲೈನಿನಲ್ಲಿ ಸಾವಿರಾರು ರೂಪಾಯಿ ಕೊಡುತ್ತಾರೆ. ಕಡ್ಡಿಯಲ್ಲಿ ಒಂದಿಷ್ಟಾದರೂ ಹಸಿರು ಇದೆಯಾ ನೋಡಿ, ಆಮೇಲೆ ದುಡ್ಡು ಹಾಕಿ. ಫಲಪುಷ್ಪ ಪ್ರದರ್ಶನದಲ್ಲಿ ಸಿಗುವ ಕೆಂಪು ತಲೆಯ ಮೂನ್ ಕ್ಯಾಕ್ಟಸ್ ಇದೆಯಲ್ಲ, ಅದರ ಕೆಂಪು ಉಂಡೆಯಲ್ಲೂ ಹಸಿರು ಇಲ್ಲ. ಕೆಳಗಿನ ಮೂರು ಮೂಲೆಯ ಹಸಿರು ದಂಟು ಡ್ರ್ಯಾಗನ್ ಫ್ರೂಟಿನ ದಾಯಾದಿ, ಕಸಿ ಕಟ್ಟಿ ಕೂರಿಸಿರುತ್ತಾರೆ. ದಂಟು ದುಡಿಯುತ್ತದೆ, ಉಂಡೆ ಮಿಂಚುತ್ತದೆ. ಉಂಡೆಯನ್ನು ಬಿಡಿಸಿ ಬೇರೆ ಕುಂಡಕ್ಕೆ ಹಾಕಿ ಕೊಂದು ತಂದವರು ನನಗೆ ಗೊತ್ತಿರುವವರೇ ಮೂವರು.

ಇನ್ನು ಪಾತಿಯ ವಿಷಯ. ಒಂದೆರಡು ಬಿಳಿ ಸಸಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಅಂಟುವ ರೋಗ ಅಲ್ಲ. ಒಂದೇ ಮರದ ಓಟೆಯಿಂದ ವರ್ಷ ವರ್ಷ ಹೆಚ್ಚು ಬರುತ್ತಿದ್ದರೆ ಆ ಮರದಲ್ಲಿ ಈ ಗುಣ ಅಡಗಿರಬಹುದು. ಹೊರಗೆ ಮರ ಹಸಿರಾಗಿಯೇ ಇರುತ್ತದೆ. ಅದರ ಮಿಡಿ ಉಪ್ಪಿನಕಾಯಿಗೆ ಹಾಕಿ, ಬೀಜಕ್ಕೆ ಬೇರೆ ಮರ ನೋಡಿ. ದೊಡ್ಡ ಗಿಡದಲ್ಲಿ ಬಿಳಿ ಗೆಲ್ಲು ಬಂದರೆ ಚಂದಕ್ಕೆ ಬಿಡಿ, ಗಿಡಕ್ಕೆ ಅದು ಭಾರ ಅಲ್ಲ. ಕುಂಡದ ಚಿಕ್ಕ ಗಿಡವಾದರೆ ಕತ್ತರಿಸಿ. ದುಡಿಯುವ ಎಲೆ ನಾಲ್ಕು, ಉಣ್ಣುವ ಎಲೆ ಎಂಟು ಆದರೆ ಆ ಮನೆ ನಡೆಯುವುದಿಲ್ಲ.

ಆ ಅಮ್ಮನಿಗೆ ಇದನ್ನೇ ಚಿಕ್ಕದು ಮಾಡಿ ಬರೆದು ಕಳಿಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಹಂಗಾರೆ ಗೊಬ್ಬರ ಹಾಕದು ದೊಡ್ಡ ಮರಕ್ಕೆ ಅಲ್ವಾ?" ಅರ್ಥ ಮಾಡಿಕೊಂಡಿದ್ದಾರೆ. ಪಾರ್ಕಿನ ಮರಕ್ಕೆ ಗೊಬ್ಬರ ಒಯ್ಯಬೇಡಿ ಅಮ್ಮ, ಮಗನಿಗೆ ತೊಂದರೆಯಾಗುತ್ತದೆ ಅಂತ ಮಾತ್ರ ಹೇಳಿದೆ.

ನನಗೆ ಫೋಟೋ ಕಳಿಸುವವರಲ್ಲಿ ಒಂದು ವಿನಂತಿ. ಬರೀ ಒಂದು ಎಲೆ ಬೇಡ, ಬುಡ ಸಮೇತ ಇಡೀ ಗಿಡ ಕಾಣಲಿ. ತೆಗೆಯುವುದು ಹಗಲಲ್ಲಿ. ರಾತ್ರಿ ಟಾರ್ಚ್ ಬಿಟ್ಟು ತೆಗೆದರೆ ಬಸಳೆಯೂ ಬಿಳಿಯೇ ಕಾಣುತ್ತದೆ.